ಮಳೆಗಾಲಕ್ಕೆ ಮೊದಲು ಸಿಗಬೇಕಾದ ಲೈನ್ ಕ್ಲಿಯರ್: ವಿದ್ಯುತ್ ಗ್ರಿಡ್‌ನ ಭದ್ರತೆಯ ಯೋಜನೆ ಮತ್ತು ಉಸ್ತುವಾರಿ

ಹಿರಿಯರೆ, ಮಿತ್ರರೆ,

ಶಿರಸಿಗೆ ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ. ಕಾಳಿ ಹುಟ್ಟಿ ಹರಿದು ಕಡಲು ಸೇರುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ, ಶರಾವತಿ ಸಮುದ್ರ ಕಾಣುವುದು ಹೊನ್ನಾವರದಲ್ಲಿ, ಕೈಗಾ ಅಣುಸ್ಥಾವರ ಇರುವುದು ಕಾರವಾರ ತಾಲೂಕಿನಲ್ಲಿ. ಇಷ್ಟೆಲ್ಲ ಇದ್ದೂ ಮೊದಲ ಮಳೆಗೇ ನಮ್ಮ ಮನೆಯ ಕರೆಂಟು ಹೋಗುವುದೇಕೆ ಎಂದು ಜನ ಕೇಳುತ್ತಾರೆ. ಕೇಳುವುದು ನ್ಯಾಯವೇ. ಕೈಗಾದ ನಾಲ್ಕು ಘಟಕಗಳು ತಲಾ 220 ಮೆಗಾವ್ಯಾಟ್‌ನಂತೆ 880, ಅಂಬಿಕಾನಗರದ ನಾಗಝರಿ ವಿದ್ಯುದಾಗಾರ ಒಂಬೈನೂರರ ಆಸುಪಾಸು, ಗೇರುಸೊಪ್ಪೆ 240, ಕದ್ರಾ 150, ಕೊಡಸಳ್ಳಿ 120, ಸೂಪಾ 100. ಎಲ್ಲ ಕೂಡಿಸಿದರೆ 2,300 ಮೆಗಾವ್ಯಾಟ್‌ಗೂ ಮೀರಿದ ಸಾಮರ್ಥ್ಯ ಈ ಒಂದು ಜಿಲ್ಲೆಯ ಗಡಿಯೊಳಗಿದೆ. ಆದರೆ ವಿದ್ಯುತ್ತನ್ನು ಉತ್ಪಾದಿಸುವುದು ಒಂದು ಕೆಲಸ, ಅದು ತಪ್ಪದೆ ತಲುಪುವಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಇಂದು ನಾನು ಮಾತಾಡಲು ಬಂದಿರುವುದು ಈ ಎರಡನೆಯದರ ಬಗ್ಗೆ. ಅದರಲ್ಲೂ ಯಾರ ಕಣ್ಣಿಗೂ ಬೀಳದ ಒಂದು ಭಾಗದ ಬಗ್ಗೆ ಹೆಚ್ಚು ಹೇಳುತ್ತೇನೆ: ದುರಸ್ತಿಗಾಗಿ ಲೈನನ್ನು ಯಾವಾಗ ನಿಲ್ಲಿಸಬೇಕು ಎಂಬ ತೀರ್ಮಾನ. ಹಾಗೆ ನಿಲ್ಲಿಸಿ ಕೆಲಸ ಮಾಡಲು ಕೊಡುವ ಅನುಮತಿಯನ್ನೇ ನಾವು ಲೈನ್ ಕ್ಲಿಯರ್ ಎನ್ನುತ್ತೇವೆ.

ಮೊದಲು ಗ್ರಿಡ್ ಎಂದರೇನು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ವಿದ್ಯುತ್ ಸ್ಥಾವರಗಳನ್ನೂ ಊರುಗಳನ್ನೂ ಒಂದಕ್ಕೊಂದು ಜೋಡಿಸುವ ಲೈನುಗಳ ಜಾಲವೇ ಗ್ರಿಡ್. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣ ಭಾರತದ ಜಾಲ ಉಳಿದ ದೇಶದ ಜಾಲದೊಂದಿಗೆ ಜೋಡಣೆಯಾಯಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಗ್ರಿಡ್‌ಗೆ ಸೇರಿದ ದೊಡ್ಡ ಜನರೇಟರುಗಳೆಲ್ಲ ಒಂದೇ ಲಯದಲ್ಲಿ ತಿರುಗುತ್ತಿವೆ. ಆ ಲಯದ ಅಳತೆಯೇ ಆವರ್ತನ. ಅದು ಸೆಕೆಂಡಿಗೆ 50 ಸುತ್ತು, ಅಂದರೆ 50 ಹರ್ಟ್ಜ್ ಇರಬೇಕು. ಬಳಕೆ ಉತ್ಪಾದನೆಗಿಂತ ಹೆಚ್ಚಾದರೆ ಆವರ್ತನ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಇಂದಿನ ನಿಯಮದ ಪ್ರಕಾರ ಅದು 49.90ರಿಂದ 50.05ರ ನಡುವೆ ಇರಬೇಕು. ಒಂದು ಕಾಲಕ್ಕೆ 48 ಹರ್ಟ್ಜ್‌ನ ಹತ್ತಿರ ದಿನಗಟ್ಟಲೆ ಓಡುತ್ತಿದ್ದ ಜಾಲ ಇದೇ ಎಂಬುದು ಈಗಿನ ಎಂಜಿನಿಯರುಗಳಿಗೆ ನಂಬಲು ಕಷ್ಟ. ಆಗ ಹಾದಿಗೆ ತಂದದ್ದು ಬೆಲೆ. ದಕ್ಷಿಣ ವಲಯದಲ್ಲಿ 2003ರ ಜನವರಿಯಿಂದ, ಆವರ್ತನ ಇಳಿದಿರುವಾಗ ನಿಗದಿಗಿಂತ ಹೆಚ್ಚು ಎಳೆದುಕೊಂಡ ರಾಜ್ಯ ಹೆಚ್ಚು ದರ ತೆರಬೇಕೆಂಬ ಪದ್ಧತಿ ಜಾರಿಗೆ ಬಂತು. ಕೆಲವೇ ತಿಂಗಳಲ್ಲಿ ಕಂಟ್ರೋಲ್ ರೂಮಿನ ಮುಳ್ಳು ಸ್ಥಿರವಾಯಿತು.

ಈ ಸಮತೋಲವನ್ನು ಕಾಯುವವರು ಹಂತಹಂತವಾಗಿ ಇದ್ದಾರೆ. ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರ, ಬೆಂಗಳೂರಿನಲ್ಲಿ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರ, ಅದರ ಕೆಳಗೆ ನಮ್ಮ ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರ. ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಯಾವ ಸ್ಥಾವರ ಎಷ್ಟು ಕೊಡಬೇಕು, ಯಾವ ರಾಜ್ಯ ಎಷ್ಟು ಪಡೆಯಬೇಕು ಎಂಬುದನ್ನು ಹಿಂದಿನ ದಿನವೇ ಬರೆದಿಡುತ್ತಾರೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 29ನೆಯ ಕಲಮಿನ ಪ್ರಕಾರ ಪ್ರಾದೇಶಿಕ ಕೇಂದ್ರದ ನಿರ್ದೇಶನವನ್ನು ಎಲ್ಲರೂ ಪಾಲಿಸಲೇಬೇಕು. ಕಾಯ್ದೆಯಲ್ಲಿ ಬರೆದದ್ದು ಪಾಲನೆಯಾಗದಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ನಾವು 2012ರಲ್ಲಿ ಕಂಡೆವು.

ಆ ವರ್ಷದ ಜುಲೈ 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಉತ್ತರ ವಲಯದ ಜಾಲ ಕುಸಿಯಿತು. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಉತ್ತರ, ಪೂರ್ವ, ಈಶಾನ್ಯ ಮೂರೂ ವಲಯಗಳು ಒಟ್ಟಿಗೆ ಕುಸಿದವು. ಸುಮಾರು 60 ಕೋಟಿ ಜನರಿಗೆ ವಿದ್ಯುತ್ ಇಲ್ಲವಾಯಿತು. ದಕ್ಷಿಣ ವಲಯ ಆಗಿನ್ನೂ, ಲಯವನ್ನು ಹಂಚಿಕೊಳ್ಳದ ಏಕಮುಖ ವಿದ್ಯುತ್ತಿನ (ಡಿಸಿ) ಕೊಂಡಿಗಳ ಮೂಲಕ ಮಾತ್ರ ಉಳಿದವರ ಜೊತೆ ಸೇರಿಕೊಂಡಿದ್ದರಿಂದ ಉಳಿದುಕೊಂಡಿತು. ಈ ಘಟನೆಯನ್ನು ನೆನೆಯುವಾಗ ಹೆಚ್ಚಿನವರು ಹೇಳುವುದು ರಾಜ್ಯಗಳು ಮಿತಿಮೀರಿ ಎಳೆದವು ಎಂಬ ಮಾತನ್ನು. ಅದು ನಿಜ, ನಿಲ್ಲಿಸಿ ಎಂದು ಬಂದ ಸಂದೇಶಗಳಿಗೆ ಬೆಲೆ ಸಿಗಲಿಲ್ಲ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಬೀನಾ–ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ಲೈನಿನ ಒಂದು ಸರ್ಕ್ಯೂಟನ್ನು ಮೇಲ್ದರ್ಜೆಗೇರಿಸುವ ಕೆಲಸಕ್ಕೆಂದು ನಿಲ್ಲಿಸಲಾಗಿತ್ತು. ಉಳಿದ ಇನ್ನೊಂದರ ಮೇಲೆ ಹೊರೆ ಏರಿತು. ಆ ಲೈನಿನಲ್ಲಿ ಯಾವ ದೋಷವೂ ಇರಲಿಲ್ಲ. ತಂತಿ ಹರಿದಿರಲಿಲ್ಲ, ಮರ ಬಿದ್ದಿರಲಿಲ್ಲ. ಹೊರೆ ಹೆಚ್ಚಿ ವೋಲ್ಟೇಜ್ ಕುಗ್ಗಿದ ಸ್ಥಿತಿಯನ್ನೇ, ದೋಷ ಕಂಡರೆ ತಾನಾಗಿ ಲೈನ್ ಕಡಿಸುವ ರಿಲೇ ಎಂಬ ಸಾಧನ ದೂರದ ದೋಷವೆಂದು ತಿಳಿದು ಲೈನನ್ನು ಕಡಿದುಹಾಕಿತು. ಎಂದರೆ, ಬೇಕೆಂದೇ, ಅನುಮತಿ ಪಡೆದೇ ನಿಲ್ಲಿಸಿದ ಒಂದು ಲೈನು ದೇಶದ ಅರ್ಧವನ್ನು ಕತ್ತಲೆಯ ಅಂಚಿಗೆ ತಂದು ನಿಲ್ಲಿಸಿತ್ತು. ದುರಸ್ತಿಯ ದಿನಾಂಕ ಗುಮಾಸ್ತರ ಕಡತದ ವಿಷಯವಲ್ಲ ಎಂದು ನಾನು ವಾದಿಸುವುದು ಇದೇ ಕಾರಣಕ್ಕೆ.

ಗ್ರಿಡ್ ಯೋಜನೆಯ ಮೂಲ ನಿಯಮವನ್ನು ಸರಳವಾಗಿ ಹೇಳಬಹುದು. ಯಾವುದೇ ಒಂದು ಲೈನು, ಒಂದು ಟ್ರಾನ್ಸ್‌ಫಾರ್ಮರ್ ಅಥವಾ ಒಂದು ಜನರೇಟರ್ ಇದ್ದಕ್ಕಿದ್ದಂತೆ ಕೈಕೊಟ್ಟರೂ ಉಳಿದವು ಆ ಹೊರೆಯನ್ನು ಹೊತ್ತು ನಿಲ್ಲಬೇಕು. ಎರಡು ಸಮಾನಾಂತರ ಲೈನುಗಳಿದ್ದರೆ, ಪ್ರತಿಯೊಂದೂ ಹೆಚ್ಚುಕಡಿಮೆ ಅರ್ಧ ಖಾಲಿಯಾಗಿ ಓಡಬೇಕು. ಲೆಕ್ಕ ತಪಾಸಣೆ ಮಾಡುವವರಿಗೆ ಆ ಖಾಲಿ ಅರ್ಧ ದುಂದುವೆಚ್ಚವಾಗಿ ಕಾಣುತ್ತದೆ, ಕಂಟ್ರೋಲ್ ರೂಮಿನಲ್ಲಿ ಕುಳಿತವರಿಗೆ ಅದೇ ಉಸಿರು. ಇಲ್ಲಿ ಘಟ್ಟದ ಸೀಮೆಯವನಾಗಿ ನನ್ನದೊಂದು ತಕರಾರಿದೆ. ಒಂದೇ ಗೋಪುರದ ಎರಡು ಬದಿಗೆ ಎರಡು ಸರ್ಕ್ಯೂಟು ಎಳೆದು, ಕಾಗದದ ಮೇಲೆ ಅವುಗಳನ್ನು ಎರಡು ಲೈನು ಎಂದು ಎಣಿಸುವುದುಂಟು. ಬಯಲುಸೀಮೆಯಲ್ಲಿ ಅದು ಬಹುಮಟ್ಟಿಗೆ ಸರಿ. ಆದರೆ ಧರೆ ಕುಸಿಯುವ ಗುಡ್ಡದಲ್ಲಿ ಗೋಪುರದ ಕಾಲು ಅಲುಗಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಪಶ್ಚಿಮ ಘಟ್ಟದಲ್ಲಿ ಅವನ್ನು ಒಂದೆಂದೇ ಎಣಿಸಿ ಯೋಜನೆ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಕೈಗಾದ ಉದಾಹರಣೆಯಿಂದ ಇದರ ಗಾಂಭೀರ್ಯ ತಿಳಿಯುತ್ತದೆ. ಅಲ್ಲಿಂದ ಧಾರವಾಡದ ಬಳಿಯ ನರೇಂದ್ರದ ಕಡೆಗೂ ದಾವಣಗೆರೆ ಕಡೆಯ ಗುತ್ತೂರಿಗೂ 400 ಕಿಲೋವೋಲ್ಟ್ ಲೈನುಗಳು ಘಟ್ಟ ಹತ್ತಿ ಹೋಗುತ್ತವೆ. ಲೈನಿನ ದೋಷದಿಂದ ರಿಯಾಕ್ಟರ್ ಒಮ್ಮೆ ನಿಂತುಬಿಟ್ಟರೆ, ಸುಮಾರು ಅರ್ಧ ಗಂಟೆಯೊಳಗೆ ಮತ್ತೆ ಏರಿಸದಿದ್ದಲ್ಲಿ, ಅದರೊಳಗೆ ಕ್ಸೆನಾನ್ ಎಂಬ ಅನಿಲ ಹೆಚ್ಚಿ ನ್ಯೂಟ್ರಾನುಗಳನ್ನು ನುಂಗತೊಡಗುತ್ತದೆ. ಆಮೇಲೆ ಸುಮಾರು ಒಂದೂವರೆ ದಿನ ಕಾಯದೆ ಅದನ್ನು ಮತ್ತೆ ಚಾಲೂ ಮಾಡಲಾಗದು. ನಿಂತ ರಿಯಾಕ್ಟರನ್ನು ತಣ್ಣಗಿಡುವುದಕ್ಕೂ ಪಂಪುಗಳು ಓಡುತ್ತಿರಬೇಕು. ಸ್ಥಾವರದೊಳಗೆ ಡೀಸೆಲ್ ಜನರೇಟರುಗಳಿರುತ್ತವೆ, ಆದರೂ ಮೊದಲ ಆಸರೆ ಹೊರಗಿನ ಗ್ರಿಡ್ ವಿದ್ಯುತ್ತೇ. ಕೈಗಾದ ಮೊದಲನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಅಂದಿನ ವಿಶ್ವದಾಖಲೆ ಮಾಡಿತು. ಆ ಸಾಧನೆ ಸ್ಥಾವರದವರದು; ಅದರಲ್ಲಿ ಅಷ್ಟು ದಿನ, ಮೂರು ಪೂರ್ಣ ಮಳೆಗಾಲಗಳನ್ನೂ ದಾಟಿ, ಗ್ರಿಡ್ ಕೈಬಿಡಲಿಲ್ಲ ಎಂಬ ಪಾಲೂ ಇದೆ.

ಈಗ ದುರಸ್ತಿಯ ಕ್ಯಾಲೆಂಡರಿಗೆ ಬರುತ್ತೇನೆ. ಪ್ರತಿ ತಿಂಗಳು ದಕ್ಷಿಣ ಪ್ರಾದೇಶಿಕ ವಿದ್ಯುತ್ ಸಮಿತಿಯ ಕಾರ್ಯಾಚರಣೆ ಸಭೆಯಲ್ಲಿ ಎಲ್ಲ ರಾಜ್ಯಗಳವರು ಕೂತು ಮುಂದಿನ ತಿಂಗಳು ಯಾವ ಲೈನು, ಯಾವ ಘಟಕ ನಿಲ್ಲಬೇಕು ಎಂದು ಚರ್ಚಿಸುತ್ತಾರೆ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲ ಘಟಕಗಳ ದೊಡ್ಡ ದುರಸ್ತಿಗೆ ಮಳೆಗಾಲ ಅನುಕೂಲ. ಆಗ ಜಲಾಶಯ ತುಂಬಿರುತ್ತದೆ, ಗಾಳಿ ವಿದ್ಯುತ್ತೂ ಯಥೇಚ್ಛ, ಬೇಡಿಕೆಯೂ ತಗ್ಗಿರುತ್ತದೆ. ಲೈನುಗಳ ಕಥೆ ತಿರುವುಮುರುವು. ಕರಾವಳಿಯ ಮತ್ತು ಘಟ್ಟದ ಲೈನಿನ ಕೆಲಸ ಮಳೆಗೆ ಮೊದಲೇ ಮುಗಿಯಬೇಕು, ಮಳೆ ಹಿಡಿದ ಮೇಲೆ ಗೋಪುರ ಹತ್ತುವುದೇ ಪ್ರಾಣದ ಪ್ರಶ್ನೆ. ಆದರೆ ಮಾರ್ಚ್, ಏಪ್ರಿಲ್, ಮೇ ಎಂದರೆ ರಾಜ್ಯದ ಬೇಡಿಕೆ ಶಿಖರಕ್ಕೇರುವ ಕಾಲ. ಹೀಗಾಗಿ, ಯಾವ ತಿಂಗಳಲ್ಲಿ ಲೈನಿಗೆ ವಿರಾಮ ಕೊಡಲೇಬೇಕೋ ಅದೇ ತಿಂಗಳಲ್ಲಿ ಅದನ್ನು ನಿಲ್ಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕಡಲ ಹತ್ತಿರದ ಒಂದು 110 ಕಿಲೋವೋಲ್ಟ್ ಸ್ಟೇಶನ್ನಿನಲ್ಲಿ. ಬೇಸಿಗೆಯುದ್ದಕ್ಕೂ ಸಮುದ್ರದ ಗಾಳಿ ತರುವ ಉಪ್ಪು, ತಂತಿಯ ವಿದ್ಯುತ್ತು ಗೋಪುರಕ್ಕೆ ಹರಿಯದಂತೆ ತಡೆಯುವ ಪಿಂಗಾಣಿ ಡಿಸ್ಕುಗಳ, ಅಂದರೆ ಇನ್ಸುಲೇಟರುಗಳ ಮೇಲೆ ಕೂರುತ್ತದೆ. ಒಣಗಿರುವವರೆಗೆ ಅದರಿಂದ ತೊಂದರೆಯಿಲ್ಲ. ಜೋರು ಮಳೆ ಬಂದರೆ ತೊಳೆದೇ ಹೋಗುತ್ತದೆ. ಅಪಾಯ ಇರುವುದು ಇವೆರಡರ ನಡುವೆ, ಮುಂಗಾರಿಗೆ ಮುಂಚಿನ ತುಂತುರಿನಲ್ಲಿ ಅಥವಾ ನಸುಕಿನ ಇಬ್ಬನಿಯಲ್ಲಿ. ಉಪ್ಪು ನೆನೆದು ವಿದ್ಯುತ್ತು ಹರಿಯುವ ಪದರವಾಗುತ್ತದೆ. ಆ ವರ್ಷ ಡಿಸ್ಕುಗಳನ್ನು ಒರೆಸಲು ನಾವು ಮೂರು ಸಲ ಲೈನ್ ಕ್ಲಿಯರ್ ಕೇಳಿದ್ದೆವು, ಮೂರು ಸಲವೂ ಬೇಸಿಗೆಯ ಲೋಡಿನ ಕಾರಣ ಹೇಳಿ ಮುಂದೂಡಿದರು. ಜೂನ್ ಮೊದಲ ವಾರದ ಒಂದು ರಾತ್ರಿ ತುಂತುರು ಶುರುವಾಯಿತು. ಯಾರ್ಡಿನಲ್ಲಿ ನಿಂತರೆ ಎಣ್ಣೆಗೆ ನೀರು ಬಿದ್ದಂತೆ ಚುರುಚುರು ಸದ್ದು, ಡಿಸ್ಕುಗಳ ಅಂಚಿನಲ್ಲಿ ನೇರಳೆ ಬಣ್ಣದ ಸಣ್ಣ ಕಿಡಿಗಳ ಓಡಾಟ. ಹನ್ನೊಂದು ಗಂಟೆಯ ಹೊತ್ತಿಗೆ ದೊಡ್ಡ ಬೆಳಕು ಮಿಂಚಿತು, ಬ್ರೇಕರ್ ಬಿದ್ದ ಸದ್ದಿಗೆ ನೆಲ ಅದುರಿತು, ಪಟ್ಟಣ ಕತ್ತಲಾಯಿತು. ಮತ್ತೆ ಚಾರ್ಜ್ ಮಾಡಿದೆವು, ಮತ್ತೆ ಟ್ರಿಪ್ ಆಯಿತು. ಬೆಳಿಗ್ಗೆ ಕೆಳಗಿಳಿಸಿದ ಡಿಸ್ಕನ್ನು ಕೈಯಲ್ಲಿ ಹಿಡಿದಾಗ ಮೇಲ್ಭಾಗದ ಹೊಳಪು ಸುಟ್ಟು ಕಪ್ಪು ಗೆರೆ ಬಿದ್ದಿತ್ತು. ಕೆಳಗಿನ ಮಡಿಕೆಗಳಲ್ಲಿ, ಮಳೆನೀರು ತಾಗದ ಕಡೆ, ಉಪ್ಪು ಬಿಳಿಯಾಗಿ ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ನಾಲ್ಕು ತಾಸಿನ ಲೈನ್ ಕ್ಲಿಯರ್ ಸಿಕ್ಕಿದ್ದರೆ ಬಟ್ಟೆಯಲ್ಲಿ ಒರೆಸಿ ಮುಗಿಸಬಹುದಾಗಿದ್ದ ಕೆಲಸವದು. ಈಗ ನೀರು ಹಿಡಿದಿಟ್ಟುಕೊಳ್ಳದ ಸಿಲಿಕಾನ್ ರಬ್ಬರಿನ ಇನ್ಸುಲೇಟರುಗಳು ಬಂದಿವೆ, ಕರಾವಳಿಗೆ ಅವೇ ಯೋಗ್ಯ. ಆದರೆ ಅವನ್ನು ಹಾಕುವುದಕ್ಕೂ ಲೈನ್ ನಿಲ್ಲಿಸಲೇಬೇಕು.

ಮರಗಳ ವಿಷಯವೂ ಇದೇ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನ ವಿದ್ಯುತ್ ಕಳೆದುಕೊಂಡದ್ದರ ಆರಂಭ, ಹೊರೆ ಹೆಚ್ಚಿ ಕಾದು ಜೋತುಬಿದ್ದ ತಂತಿಗಳು ಓಹಿಯೊ ರಾಜ್ಯದಲ್ಲಿ ಮರಗಳಿಗೆ ತಾಗಿದ್ದರಿಂದ. ಅಲ್ಲಿಯವರೆಗೆ ಸ್ವಯಂಪ್ರೇರಣೆಗೆ ಬಿಟ್ಟಿದ್ದ ಭದ್ರತಾ ನಿಯಮಗಳನ್ನು 2005ರ ಕಾನೂನು ದಂಡದ ಸಮೇತ ಕಡ್ಡಾಯಗೊಳಿಸಿತು. ನಮ್ಮಲ್ಲಿ 400 ಕಿಲೋವೋಲ್ಟ್ ಲೈನಿಗೆ 46 ಮೀಟರ್, 110ಕ್ಕೆ 22 ಮೀಟರ್ ಅಗಲದ ದಾರಿ ನಿಗದಿಯಾಗಿದೆ. 11 ಕಿಲೋವೋಲ್ಟ್ ಲೈನಿಗೆ ಕೇವಲ 7 ಮೀಟರ್. ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಮರದ ಎತ್ತರ ಅದರ ಎರಡು ಮೂರು ಪಟ್ಟು ಇರುತ್ತದೆ. ದಾರಿಯಾಚೆ ನಿಂತ ಮರವೂ ಬಿದ್ದರೆ ತಂತಿಯ ಮೇಲೆಯೇ ಬೀಳುತ್ತದೆ. ನೀವು ಮೊದಲು ಕೇಳಿದ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಇಲ್ಲಿದೆ: ಕೈಗಾದ ವಿದ್ಯುತ್ತು ಘಟ್ಟ ಹತ್ತಿ ಹೋಗುವುದು ಅಗಲ ದಾರಿಯಲ್ಲಿ, ನಿಮ್ಮ ಮನೆಗೆ ಮರಳಿ ಬರುವುದು ಏಳು ಮೀಟರಿನ ಓಣಿಯಲ್ಲಿ. ಇದಕ್ಕಾಗಿ ಬೆಟ್ಟದ ಮರ ಕಡಿಯಿರಿ ಎಂದು ನಾನು ಹೇಳಲಾರೆ. ಹೊದಿಕೆಯಿರುವ ತಂತಿ, ರಸ್ತೆ ಬದಿಗೆ ಲೈನಿನ ಸ್ಥಳಾಂತರ, ಎರಡು ಕಡೆಯಿಂದ ವಿದ್ಯುತ್ ಕೊಡಬಲ್ಲ ಫೀಡರ್ (ಸ್ಟೇಶನ್ನಿನಿಂದ ಊರಿಗೆ ವಿದ್ಯುತ್ ಒಯ್ಯುವ ಲೈನು), ಇವು ಸಾಧ್ಯವಿರುವ ದಾರಿಗಳು.

ಸೌರವಿದ್ಯುತ್ತು ಈ ಲೆಕ್ಕವನ್ನು ಬದಲಾಯಿಸುತ್ತಿದೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಂಥವು ಹಗಲಿಗೆ ಬೇಕಾದಷ್ಟು ಕೊಡುತ್ತವೆ, ಸಂಜೆ ಆರರ ಹೊತ್ತಿಗೆ ಕೈಚೆಲ್ಲುತ್ತವೆ. ಆ ತಗ್ಗನ್ನು ತುಂಬಲು ನಾಗಝರಿಯಲ್ಲಿ, ಶರಾವತಿಯಲ್ಲಿ ನಿಮಿಷಗಳಲ್ಲಿ ಯಂತ್ರ ತಿರುಗಿಸುತ್ತಾರೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ (ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವ ಯೋಜನೆ) ಪ್ರಸ್ತಾವ ಬಂದಿರುವುದೂ ಇದೇ ಅಗತ್ಯದಿಂದ. ಅಗತ್ಯ ನಿಜ, ಶರಾವತಿ ಕಣಿವೆಯ ಕಾಡಿನ ಬಗೆಗಿನ ಆತಂಕವೂ ಅಷ್ಟೇ ನಿಜ. ಸಂಜೆಯ ಆ ಕೆಲವು ತಾಸುಗಳಿಗೆ ಬ್ಯಾಟರಿ ಎಷ್ಟು ಒದಗೀತು, ಕಾಡಿನ ಬೆಲೆಯನ್ನೂ ಕೂಡಿಸಿದರೆ ಯಾವುದು ಅಗ್ಗ ಎಂಬ ತುಲನೆಯನ್ನು ಜನರ ಮುಂದಿಟ್ಟೇ ತೀರ್ಮಾನಿಸಬೇಕು.

ಸೌರದಿಂದ ಬಂದ ಇನ್ನೊಂದು ತೊಡಕು ಸಣ್ಣದಾಗಿ ಕಂಡರೂ ಮುಖ್ಯ. ಆವರ್ತನ 49.4ಕ್ಕೆ ಇಳಿದರೆ ಕೆಲವು ಫೀಡರುಗಳು ತಾವಾಗಿಯೇ ಕಡಿದುಕೊಳ್ಳುವಂತೆ ರಿಲೇಗಳನ್ನು ಇಟ್ಟಿರುತ್ತಾರೆ. ಇನ್ನೂ ಇಳಿದರೆ ಮುಂದಿನ ಹಂತಗಳು. 2012ರಲ್ಲಿ ಈ ರಿಲೇಗಳು ನಿರೀಕ್ಷೆಯಷ್ಟು ಹೊರೆ ಇಳಿಸಲಿಲ್ಲ. ಈಗ ಮನೆಮನೆಯ ಚಾವಣಿಯಲ್ಲಿ ಸೋಲಾರ್ ಬಂದಿದೆ. ಹಿಂದೆ ಹೊರೆಯಾಗಿದ್ದ ಫೀಡರು ಮಧ್ಯಾಹ್ನ ವಿದ್ಯುತ್ತನ್ನು ಹೊರಗೆ ಕೊಡುತ್ತಿದ್ದರೆ, ಅದನ್ನು ಕಡಿದಾಗ ಕೊರತೆ ತಗ್ಗುವ ಬದಲು ಹೆಚ್ಚುತ್ತದೆ. ಆದ್ದರಿಂದ ಯಾವ ಫೀಡರನ್ನು ಆ ಪಟ್ಟಿಯಲ್ಲಿಡಬೇಕು ಎಂಬುದನ್ನು ಪ್ರತಿ ವರ್ಷ ಹೊಸದಾಗಿ ಅಳೆದು ನೋಡಬೇಕು. ಹತ್ತು ವರ್ಷದ ಹಿಂದಿನ ಪಟ್ಟಿ ನಮ್ಮನ್ನು ಕಾಪಾಡುವುದಿಲ್ಲ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ನಾವು ಅಲ್ಲಿಗೆ ಹೋದರೆ ಯೂನಿಟ್ಟಿಗೆ ಎಷ್ಟು ಪೈಸೆ ಎಂಬುದನ್ನಷ್ಟೇ ಮಾತಾಡಿ ಬರುತ್ತೇವೆ. ಮುಂದಿನ ಸಲ ಇನ್ನೊಂದು ಪ್ರಶ್ನೆಯನ್ನೂ ಬರೆದುಕೊಂಡು ಹೋಗಿ: ಡಿಸೆಂಬರಿನಿಂದ ಮೇ ತನಕ ಉತ್ತರ ಕನ್ನಡದ ಲೈನುಗಳಿಗೆ ಎಷ್ಟು ಲೈನ್ ಕ್ಲಿಯರ್ ಕೇಳಲಾಯಿತು, ಎಷ್ಟು ಸಿಕ್ಕಿತು, ಮುಂದೂಡಿದವುಗಳಲ್ಲಿ ಎಷ್ಟು ಲೈನುಗಳು ಜೂನಿನಲ್ಲಿ ಟ್ರಿಪ್ ಆದವು? ಈ ಮೂರು ಅಂಕಿಗಳನ್ನು ಸ್ಟೇಶನ್ನಿನ ಲಾಗ್ ಪುಸ್ತಕದಿಂದಲೇ ತೆಗೆಯಬಹುದು, ಹೊಸ ಯಂತ್ರವಾಗಲಿ ಹೊಸ ಸಮಿತಿಯಾಗಲಿ ಬೇಕಿಲ್ಲ.

ಇಷ್ಟು ಹೊತ್ತು ಕೇಳಿದಿರಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.