ಎಬ್ಬಿಸಲ್ಲ ಅನ್ನೋ ಧೈರ್ಯ: ಮುಂಡಗೋಡದ ಟಿಬೆಟನ್ನರು, ಯಲ್ಲಾಪುರದ ಸಿದ್ದಿಗಳು

ಎಲ್ರಿಗೂ ನಮಸ್ಕಾರ. ಈಗ ಅಡಿಕೆ ಕೊಯ್ಲಿನ ಕಾಲ, ಈ ಹೊತ್ತಲ್ಲಿ ನಿಮ್ಮಲ್ಲಿ ಎಷ್ಟೋ ಜನ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲೀತಾ ಪಕ್ಕದಲ್ಲಿ ರೇಡಿಯೋ ಇಟ್ಕೊಂಡಿರ್ತೀರಿ ಅಂತ ನಂಗೆ ಗೊತ್ತು, ನಿಮ್ಮನ್ನ ಮನಸ್ಸಲ್ಲಿ ಇಟ್ಕೊಂಡೇ ಮಾತಾಡ್ತೀನಿ. ಕೆಲಸ ನಿಲ್ಲಿಸ್ಬೇಡಿ, ಕಿವಿ ಮಾತ್ರ ಈ ಕಡೆ ಕೊಡಿ.

ನಾನು ಮೂವತ್ತು ವರ್ಷ ಕಾಲೇಜಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದೋಳು. ಇವತ್ತು ಎರಡು ಸಮುದಾಯದ ಬಗ್ಗೆ ಹೇಳ್ತೀನಿ. ಎರಡೂ ಹೊರಗಿಂದ ಬಂದೋರ ಸಂತಾನ, ಎರಡೂ ನಮ್ಮ ಪಕ್ಕದ ಉತ್ತರ ಕನ್ನಡದಲ್ಲೇ ಇದಾವೆ. ಒಂದು ಮುಂಡಗೋಡದ ಟಿಬೆಟನ್ನರು, ಇನ್ನೊಂದು ಯಲ್ಲಾಪುರ, ಹಳಿಯಾಳ, ಅಂಕೋಲ ಕಡೆಯ ಸಿದ್ದಿಗಳು. ಟಿಬೆಟನ್ನರು ಬಂದು ಅರವತ್ತು ವರ್ಷದ ಆಸುಪಾಸು ಆಯ್ತು. ಸಿದ್ದಿಗಳ ಹಿರೀಕರು ಬಂದು ನೂರಾರು ವರ್ಷ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ್ರಲ್ಲ, ಆಮೇಲೆ ಆಫ್ರಿಕಾದಿಂದ ಹಡಗಲ್ಲಿ ಗುಲಾಮರನ್ನ ತಂದು ಮಾರ್ತಿದ್ರು, ಹೊಡೆತ ತಡೀಲಾರ್ದೆ ತಪ್ಪಿಸ್ಕೊಂಡು ಘಟ್ಟದ ಕಾಡಿಗೆ ಬಂದು ಸೇರಿದೋರು ಇವ್ರು. ಮನೇಲಿ ಕೊಂಕಣಿ, ಉರ್ದು, ಹೊರಗೆ ಕನ್ನಡ ಮಾತಾಡ್ತಾರೆ, ಅವರಲ್ಲೇ ಹಿಂದೂಗಳಿದಾರೆ, ಮುಸ್ಲಿಮರಿದಾರೆ, ಕ್ರಿಶ್ಚಿಯನ್ನರಿದಾರೆ.

ಈಗ ಲೆಕ್ಕ ಹಾಕಿ. ನೂರಾರು ವರ್ಷ ಇದ್ದೋರು ಚೆನ್ನಾಗಿರ್ಬೇಕೋ, ಅರವತ್ತು ವರ್ಷದ ಹಿಂದೆ ಬಂದೋರೋ? ಹೋಗಿ ನೋಡಿದ್ರೆ ಉಲ್ಟಾ. ಮುಂಡಗೋಡದ ಕ್ಯಾಂಪಲ್ಲಿ ಗಟ್ಟಿ ಮನೆ, ಆಸ್ಪತ್ರೆ, ಶಾಲೆ, ಸೊಸೈಟಿ, ದೊಡ್ಡ ದೊಡ್ಡ ಮಠ. ಅಲ್ಲಿಂದ ಸ್ವಲ್ಪ ದೂರದ ಸಿದ್ದಿ ಕೇರಿಗೆ ಹೋದ್ರೆ ಮಣ್ಣಿನ ಗೋಡೆ, ಮೇಲೆ ಸೋಗೆ, ಗಂಡಸ್ರು ಹೆಂಗಸ್ರು ಎಲ್ಲಾ ಯಾರದೋ ತೋಟದಲ್ಲಿ ಕೂಲಿಗೆ.

ಇದು ಯಾಕೆ ಅಂತ ಕೇಳಿದ್ರೆ ಜನ ತಕ್ಷಣ ಒಂದು ಉತ್ತರ ಕೊಡ್ತಾರೆ, ಅವ್ರು ಶ್ರಮಜೀವಿಗಳು, ಇವ್ರಿಗೆ ನಾಳೆ ಚಿಂತೆ ಇಲ್ಲ ಅಂತ. ಈ ಮಾತು ಕೇಳಿದ್ರೆ ನಂಗೆ ಸುಮ್ನಿರಕ್ಕಾಗಲ್ಲ. ಘಟ್ಟದ ಮೇಲೆ ಎಷ್ಟೋ ತೋಟಕ್ಕೆ ಸೊಪ್ಪು ಹೊತ್ತೋರು, ಮಣ್ಣು ಹಾಕ್ದೋರು, ಮರ ಹತ್ತಿ ಅಡಿಕೆ ಕೊನೆ ಇಳಿಸಿದೋರು ಇದೇ ಸಿದ್ದಿಗಳು, ಅವರನ್ನ ಸೋಮಾರಿ ಅಂತ ಹೇಳೋಕೆ ಹೇಗಾದ್ರೂ ಬಾಯಿ ಬರತ್ತೆ? ವ್ಯತ್ಯಾಸ ಒಂದೇ ಒಂದು. ನಾಳೆ ನನ್ನನ್ನ ಈ ಜಾಗದಿಂದ ಎಬ್ಬಿಸಲ್ಲ ಅನ್ನೋ ಧೈರ್ಯ. ಅದು ಟಿಬೆಟನ್ನರಿಗೆ ಬಂದ ದಿನಾನೇ ಸಿಕ್ತು, ಸಿದ್ದಿಗಳಿಗೆ ಇಷ್ಟು ವರ್ಷ ಸಿಗಲಿಲ್ಲ. ಇದೊಂದನ್ನೇ ನಾನು ಇವತ್ತು ಹೇಳೋಕೆ ಬಂದಿರೋದು.

ಟಿಬೆಟನ್ನರ ಕಥೆ ಮೊದ್ಲು. 1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ್ರು, ಹಿಂದೇನೇ ಸಾವಿರಾರು ಜನ ಬಂದ್ರು. ಇವರಿಗೆಲ್ಲ ಜಾಗ ಎಲ್ಲಿ ಅಂತ ನೆಹರೂ ಅವ್ರು ರಾಜ್ಯಗಳನ್ನ ಕೇಳಿದಾಗ ನಮ್ಮ ಮೈಸೂರು ರಾಜ್ಯ ನಾನ್ ಕೊಡ್ತೀನಿ ಅಂತ ಮುಂದೆ ಬಂತು, ಬೈಲಕುಪ್ಪೆಯಲ್ಲಿ ಮೂರು ಸಾವಿರ ಎಕರೆ ಕೊಡ್ತು. ಆಮೇಲೆ 1966ರಲ್ಲಿ ಮುಂಡಗೋಡ, ಅಲ್ಲಿ ನಾಲ್ಕು ಸಾವಿರ ಎಕರೆ ಹತ್ತಿರ. ಇಷ್ಟು ಜಾಗ ಕೊಟ್ಟ ರಾಜ್ಯ ಬೇರೆ ಇಲ್ಲ, ನಾವು ಹೆಮ್ಮೆಯಿಂದ ಹೇಳ್ಕೋಬೇಕಾದ ವಿಷಯ ಇದು.

ಆದ್ರೆ ಕೊಟ್ಟಿದ್ದು ಬರೀ ನೆಲ ಅಲ್ಲ ನೋಡಿ. ನೆಲದ ಜೊತೆಗೇ ಸಹಕಾರ ಸಂಘ, ಸಂಘಕ್ಕೆ ಟ್ರ್ಯಾಕ್ಟರು, ಮಕ್ಕಳಿಗೆ ಶಾಲೆ, ಆಸ್ಪತ್ರೆ, ಎಲ್ಲಾ ಒಂದೇ ಜಾಗಕ್ಕೆ ಬಂತು. ಟಿಬೆಟನ್ ಮಕ್ಕಳ ಶಾಲೆಗಳಿಗೆ ಅಂತಲೇ ಕೇಂದ್ರ ಸರ್ಕಾರ 1961ರಲ್ಲಿ ಬೇರೆ ಆಡಳಿತ ಮಾಡ್ತು. ಡ್ರೆಪುಂಗ್, ಗಾಂಡೆನ್ ಅನ್ನೋ ಅವರ ಹಳೇ ಮಠಗಳು ಮುಂಡಗೋಡದಲ್ಲೇ ಮತ್ತೆ ಎದ್ದು ನಿಂತ್ವು. ಮೊದಲ ವರ್ಷಗಳು ಸುಲಭ ಇರ್ಲಿಲ್ಲ, ಹಿಮದ ನಾಡಿಂದ ಬಂದೋರಿಗೆ ನಮ್ಮ ಬಿಸಿಲು, ಕಾಯಿಲೆ, ಮೇಲಿಂದ ಕಾಡು ಕಡಿದು ಗದ್ದೆ ಮಾಡ್ಬೇಕು. ಕ್ಯಾಂಪಿನ ಒಬ್ಬ ಅಜ್ಜನ್ನ ನಾನು ಕೇಳಿದ್ದೆ, ಅಷ್ಟೆಲ್ಲ ಕಷ್ಟದಲ್ಲಿ ಬಿಟ್ಟೋಗ್ಬೇಕು ಅನ್ಸಲಿಲ್ವ ಅಂತ. ಅವ್ರು ಮುಂಡಗೋಡದ ಕನ್ನಡದಲ್ಲೇ ಹೇಳಿದ್ರು, "ಎಲ್ಲಿ ಹೋಗೂದ್ರೀ, ಇಲ್ಲೇ ಇರ್ರಿ ಅಂದಿದ್ರಲ್ಲ, ಅದಕ್ಕ ಗೋವಿನಜೋಳ ಬಿತ್ತಿದ್ವಿ."

ಇಲ್ಲೇ ಇರ್ರಿ ಅಂದಿದ್ರು, ಅದಕ್ಕೇ ಬಿತ್ತಿದ್ರು. ಚಳಿಗಾಲಕ್ಕೆ ನಮ್ಮ ಪೇಟೆಗಳಿಗೂ ಬರ್ತಾರಲ್ಲ ಸ್ವೆಟರ್ ಮಾರೋಕೆ, ಆ ಮಾಲು ಹೆಚ್ಚಿಂದು ಲುಧಿಯಾನದ್ದು, ಎಷ್ಟೋ ಸಲ ಉದ್ರಿ ಮೇಲೆ ತರೋದು, ಸೀಸನ್ ಮುಗಿದ್ಮೇಲೆ ದುಡ್ಡು ಕಟ್ಟೋದು. ಅಷ್ಟು ದೂರದ ವ್ಯಾಪಾರಿ ಯಾವ ನಂಬಿಕೆ ಮೇಲೆ ಉದ್ರಿ ಕೊಡ್ತಾನೆ ಹೇಳಿ? ಇವರಿಗೊಂದು ಕ್ಯಾಂಪಿದೆ, ಮನೆ ನಂಬರಿದೆ, ಹಿಂದೆ ಸಂಘ ಇದೆ. ವಿಳಾಸ ಇದ್ದೋರಿಗೆ ಸಾಲ ಹುಟ್ಟತ್ತೆ.

ಈಗ ಸಿದ್ದಿಗಳದ್ದು. ನಿಮಗೆ ಒಬ್ಬ ಅಜ್ಜಿ ಕಥೆ ಹೇಳ್ಲೇಬೇಕು.

2001ನೇ ಇಸವಿ, ಯಲ್ಲಾಪುರದಿಂದ ಒಳಗೆ ಒಂದು ಕೇರಿ, ಬಸ್ಸಿಳಿದು ಒಂದೂವರೆ ಗಂಟೆ ನಡೀಬೇಕು. ನಾನು ನನ್ನ ವಿದ್ಯಾರ್ಥಿನಿ ಇಬ್ರೂ ಹೋಗಿದ್ವಿ. ಜಗಲಿ ಮೇಲೆ ಅಜ್ಜಿ ಕಾಲು ಚಾಚಿ ಕೂತು ಕೌದಿ ಹೊಲೀತಿದ್ರು. ಸಿದ್ದಿ ಹೆಂಗಸ್ರ ಕೌದಿ ನೀವು ನೋಡಿದೀರೋ ಇಲ್ವೋ, ಹಳೇ ಸೀರೆ, ಅಂಗಿ, ಲಂಗ ಎಲ್ಲಾ ತುಂಡು ಮಾಡಿ, ಮೂಲೆಯಿಂದ ಶುರು ಮಾಡಿ ಅಂಚಿನುದ್ದಕ್ಕೂ ಹೊಲ್ಕೊಂಡು, ಸುತ್ತಿ ಸುತ್ತಿ ಒಳಕ್ಕೆ ಬಂದು ಕೊನೆಗೆ ನಡುವಲ್ಲಿ ಮುಗಿಸ್ತಾರೆ. ಅಚ್ಚು ಇಲ್ಲ, ಗೆರೆ ಇಲ್ಲ, ಕಣ್ಣಳತೆ ಅಷ್ಟೇ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮುಕ್ಕೋನದ ಹೂವು ಹೊಲೀತಾರೆ, ಅದಕ್ಕೆ ಫುಲ ಅಂತಾರೆ. ಆ ಅಜ್ಜಿ ಮೂರು ಮೂಲೆ ಮುಗಿಸಿದ್ರು, ನಾಲ್ಕನೇದು ಬಾಕಿ. ನಾನು ಸುಮ್ನೆ, "ಅಜ್ಜಿ, ಇದೊಂದು ಹೂವು ಇಲ್ದಿದ್ರೆ ಏನಾಗತ್ತೆ" ಅಂದೆ. ಅವ್ರು ನನ್ನ ಮುಖ ನೋಡಿ, "ಅಕ್ಕೋರೆ, ಫುಲ ಇಲ್ದಿರೋ ಕೌದಿ ಅಂದ್ರೆ ಬೆತ್ಲೆ ಇದ್ದಂಗೆ" ಅಂದ್ರು. ಅಷ್ಟು ಅಚ್ಚುಕಟ್ಟು ಅವರಿಗೆ. ಹರಿದ ಬಟ್ಟೆ ಹೊದಿಕೆಗೂ ನಾಲ್ಕು ಮೂಲೆ ಸರಿ ಇರ್ಬೇಕು.

ಆಮೇಲೆ ನಾನು ಮನೆ ಕಡೆ ನೋಡಿದೆ. ಗೋಡೆ ನುಣ್ಣಗೆ ಸಾರಿಸಿದ್ರು, ಅಂಗಳ ಕನ್ನಡಿ ಥರ, ಆದ್ರೆ ಮಾಡಿಗೆ ಸೋಗೆ, ಅದೂ ಹಳೇದಾಗಿ ಕಪ್ಪಾಗಿತ್ತು. ಮಗ ಕೊನೆ ಕೊಯ್ಲಿಗೆ ಹೋಗ್ತಾನೆ, ಕೈಯಲ್ಲಿ ನಾಲ್ಕು ಕಾಸು ಓಡಾಡತ್ತೆ, ಹಂಚು ಹಾಕ್ಬೋದಿತ್ತಲ್ಲ ಅನ್ನಿಸ್ತು, ಕೇಳೇಬಿಟ್ಟೆ. ಅಜ್ಜಿ ಸೂಜಿ ಬಟ್ಟೇಲಿ ಚುಚ್ಚಿಟ್ಟು ಹೇಳಿದ್ರು, "ಹಂಚು ಹಾಕಿದ್ರೆ ಕಣ್ಣಿಗೆ ಬೀಳ್ತದೆ ಅಕ್ಕೋರೆ. ಯಾರಪ್ಪ ಇಲ್ಲಿ ಗಟ್ಟಿ ಮನೆ ಕಟ್ದೋನು ಅಂತ ಬರ್ತಾರೆ. ಸೋಗೆ ಆದ್ರೆ ಕಿತ್ತಾಕಿದ್ರೂ ನಾಲ್ಕು ದಿನದಲ್ಲಿ ಮತ್ತೆ ಹೊದಿಸ್ತೇವೆ." ಅವರ ಮನೆ ಹಿಂದೆ ಒಳ್ಳೇ ನೀರಿನ ಪಸೆ ಇರೋ ತಗ್ಗಿನ ಜಾಗ, ನಮ್ಮೋರಾಗಿದ್ರೆ ಎಂತ ತೋಟ ಎಬ್ಬಿಸ್ತಿದ್ರು! ಅಲ್ಲಿ ನಾಲ್ಕು ಸಾಲು ಮೆಣಸಿನ ಗಿಡ, ಒಂದು ಬಸಳೆ ಚಪ್ಪರ. "ಅಡಿಕೆ ಯಾಕೆ ಹಾಕಿಲ್ಲ ಅಜ್ಜಿ" ಅಂದೆ. ಈ ಪ್ರಶ್ನೆಗೆ ಅವ್ರು ಕೊಟ್ಟ ಉತ್ತರ ಇಷ್ಟು ವರ್ಷ ಆದ್ರೂ ನಂಗೆ ಮರ್ತಿಲ್ಲ. "ಅಡಿಕೆ ಫಲ ಕೊಡೂಕೆ ಐದಾರು ವರ್ಷ ಬೇಕಲ್ಲ. ಅಷ್ಟು ವರ್ಷ ನಾವು ಇಲ್ಲೇ ಇರ್ತೇವೆ ಅಂತ ಯಾರು ಹೇಳ್ಬೇಕು? ಮೆಣಸಾದ್ರೆ ಮೂರು ತಿಂಗ್ಳು."

ಅಡಿಕೆ ಸುಲೀತಾ ಕೂತಿರೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಆ ಅಜ್ಜಿಯ ಅಪ್ಪ ಅಮ್ಮ, ಅಜ್ಜ ಅಜ್ಜಿ ಎಲ್ಲಾ ಒಡೇರ ತೋಟದಲ್ಲಿ ಅಡಿಕೆ ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದೋರು. ಆ ಕೆಲಸ ಅವರಿಗಿಂತ ಚೆನ್ನಾಗಿ ಬಲ್ಲೋರು ಯಾರು? ಆದ್ರೂ ಅವರದ್ದು ಅಂತ ಒಂದು ಮರ ಇಲ್ಲ. ಬುದ್ಧಿ ಇಲ್ದೇ ಅಲ್ಲ, ಮೈಗಳ್ಳತನಾನೂ ಅಲ್ಲ, ನಾಳೆ ಎಬ್ಬಿಸಲ್ಲ ಅನ್ನೋ ಧೈರ್ಯ ಇಲ್ದೇ. ಎಬ್ಬಿಸ್ತಾರೆ ಅನ್ನೋ ಹೆದರಿಕೆ ಇದ್ದೋರು ಮೂರು ತಿಂಗಳ ಬೆಳೆ ಬೆಳೀತಾರೆ, ಮೂರು ತಿಂಗಳ ಬದುಕು ಬದುಕ್ತಾರೆ, ಮಳೆಗಾಲಕ್ಕೆ ಒಡೇರ ಹತ್ರ ಮುಂಗಡ ತಗೋತಾರೆ, ಅದನ್ನ ತೀರ್ಸೋಕೆ ಮುಂದಿನ ವರ್ಷದ ಕೂಲಿ ಹೋಗತ್ತೆ, ಮಗಳ ಶಾಲೆ ಬಿಡಿಸ್ತಾರೆ.

ಹೊರಡೋ ಮುಂಚೆ ಅಜ್ಜಿ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ತಂದ್ರು. ಸೋಗೆ ಸೋರತ್ತಲ್ಲ, ಅದಕ್ಕೆ ಮೂರು ಸುತ್ತು ಪ್ಲಾಸ್ಟಿಕ್. ಒಳಗೆ ಒಂದೇ ಒಂದು ಕಾಗದ, ಯಾವುದೋ ಆಫೀಸಿಂದ ಬಂದ ಹಿಂಬರಹ, ಅತಿಕ್ರಮಣ ಸಕ್ರಮಕ್ಕೆ ಕೊಟ್ಟ ಅರ್ಜಿ ತಿರಸ್ಕಾರ ಆಗಿದೆ ಅಂತ ಬರೆದಿತ್ತು. ಅವರಿಗೆ ಓದೋಕೆ ಬರ್ತಿರ್ಲಿಲ್ಲ. ಸೀಲು ಇದೆಯಲ್ಲ, ಜಾಗದ ಕಾಗದ ಅಂತ ಹನ್ನೊಂದು ವರ್ಷದಿಂದ ಜೋಪಾನ ಮಾಡಿ ಇಟ್ಟಿದ್ರು. ನನ್ನ ಕೈಲಿ ಓದಿಸಿದ್ರು. ನಾನು ಓದಿದೆ. ಅಜ್ಜಿ ಏನೂ ಅನ್ಲಿಲ್ಲ, ಕಾಗದ ವಾಪಸ್ ಇಸ್ಕೊಂಡು ಹಾಗೇ ಮೂರು ಸುತ್ತು ಸುತ್ತಿ ಒಳಗಿಟ್ರು.

ಅದೇ ಮನೆಗೆ ಮತ್ತೆ ಹೋಗಿದ್ದು 2017ರಲ್ಲಿ. ಅಜ್ಜಿ ಇರ್ಲಿಲ್ಲ, ತೀರ್ಕೊಂಡು ವರ್ಷಗಳಾಗಿತ್ತು. ಆದ್ರೆ ಆ ನಡುವೆ ಎರಡು ದೊಡ್ಡ ವಿಷಯ ಆಗಿತ್ತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ರು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಆ ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದೋರು 2005ರ ಡಿಸೆಂಬರ್ 13ಕ್ಕಿಂತ ಮುಂಚಿಂದ ಅರಣ್ಯದ ಜಾಗದಲ್ಲಿದ್ರೆ ಸಾಕು, ಹಕ್ಕು ಕೇಳ್ಬೋದು, ಬೇರೆಯೋರಾದ್ರೆ ಮೂರು ತಲೆಮಾರು, ಅಂದ್ರೆ 75 ವರ್ಷದ ಲೆಕ್ಕ ತೋರಿಸ್ಬೇಕು. ಹಾಗಾಗಿ ಆ ಒಂದು ಸೇರ್ಪಡೆಯಿಂದ ಸಿದ್ದಿಗಳಿಗೆ ಬಾಗಿಲು ತೆಗೀತು. ಅಜ್ಜಿ ಮಗನಿಗೆ ಹಕ್ಕುಪತ್ರ ಬಂದಿತ್ತು, ಹದಿನಾಲ್ಕು ಗುಂಟೆ. ಹೆಚ್ಚೇನಲ್ಲ. ಆದ್ರೆ ಮಾಡಿಗೆ ಹಂಚು ಬಂದಿತ್ತು. ಹಿಂದಿನ ತಗ್ಗಲ್ಲಿ ಅಡಿಕೆ ನೆಟ್ಟಿದ್ರು, ನನ್ನೆದೆ ಎತ್ತರಕ್ಕೆ ಬಂದಿತ್ತು ಗಿಡ. ನಾನು ಆ ಗಿಡಗಳ ನಡುವೆ ನಿಂತು ಅತ್ತುಬಿಟ್ಟೆ, ಹೇಳೋಕೆ ನಂಗೆ ನಾಚಿಕೆ ಇಲ್ಲ.

ಅದೇ ಜನ, ಅದೇ ಮಣ್ಣು, ಅದೇ ಕೈ. ಬದಲಾಗಿದ್ದು ಏನು? ಎಬ್ಬಿಸಲ್ಲ ಅನ್ನೋ ಧೈರ್ಯ ಬಂತು, ಅಷ್ಟೇ.

ಸಮಯ ಆಗ್ತಾ ಬಂತು, ಉಳಿದಿದ್ದನ್ನ ಬೇಗ ಹೇಳ್ತೀನಿ. ಟಿಬೆಟನ್ನರಿಗೆ ಕಷ್ಟ ಇಲ್ಲ ಅಂತ ತಿಳ್ಕೋಬೇಡಿ. ಅವರ ನೆಲ ಲೀಸಿನ ನೆಲ, ಯಾರ ಹೆಸರಲ್ಲೂ ಪಹಣಿ ಇಲ್ಲ, ಹೆಚ್ಚಿನೋರ ಹತ್ರ ಇರೋದು ನಿರಾಶ್ರಿತರ ನೋಂದಣಿ ಪುಸ್ತಕ, ಅವರಿಗೆ ವೋಟಿಲ್ಲ, ಸರ್ಕಾರಿ ನೌಕರಿ ಇಲ್ಲ. ಓದಿದ ಹುಡುಗ್ರು ಅಮೆರಿಕಾ, ಕೆನಡಾ ಅಂತ ಹೋಗ್ತಿದಾರೆ, ಕ್ಯಾಂಪಲ್ಲಿ ವಯಸ್ಸಾದೋರು ಉಳೀತಿದಾರೆ. ಸಿದ್ದಿಗಳಿಗೆ ವೋಟಿದೆ, ರೇಷನ್ ಕಾರ್ಡಿದೆ, ಸರ್ಕಾರದ ಪೌಷ್ಟಿಕ ಆಹಾರದ ಕಿಟ್ ಬರತ್ತೆ, ನೆಲ ಮಾತ್ರ ಇನ್ನೂ ಎಷ್ಟೋ ಮನೆಗೆ ಇಲ್ಲ. ಒಬ್ಬರಿಗೆ ವೋಟಿಲ್ಲದ ನೆಲ, ಇನ್ನೊಬ್ಬರಿಗೆ ನೆಲ ಇಲ್ಲದ ವೋಟು. ಯಾವುದು ಹೊಟ್ಟೆ ತುಂಬಿಸ್ತು ಅಂತ ನೀವೇ ನೋಡಿದ್ರಲ್ಲ.

ಸಿದ್ದಿಗಳಲ್ಲಿ ಆಗ್ತಿರೋ ಒಳ್ಳೇದನ್ನೂ ಹೇಳ್ಬೇಕು. 2020ರಲ್ಲಿ ಶಾಂತಾರಾಮ ಸಿದ್ದಿ ಅವ್ರು ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಆದ್ರು, ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲನೆಯೋರು. ನಮ್ಮ ಹೆಗ್ಗೋಡಿನ ನೀನಾಸಂನಲ್ಲಿ ಕಲಿತು ರಂಗಭೂಮಿಯಲ್ಲಿ ಹೆಸರು ಮಾಡಿದ ಸಿದ್ದಿ ಕಲಾವಿದ್ರು ಇದಾರೆ. ಅವರ ಡಮಾಮಿ ಅನ್ನೋ ಡೋಲಿನ ಬಡಿತ ಒಂದ್ಸಲ ಕೇಳಿದ್ರೆ ರಾತ್ರಿಯೆಲ್ಲ ಕಿವೀಲೇ ಇರತ್ತೆ. ಇದರ ಬಗ್ಗೆನೇ ಇನ್ನೊಂದು ಭಾಷಣ ಮಾಡ್ಬೋದು.

ಕೊನೇದಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಕೇಳ್ತಿರೋರಿಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ನನ್ನ ಅಮ್ಮನ ತವರುಮನೇನೂ ಮುಳುಗ್ತು. ಲಾರೀಲಿ ಸಾಮಾನು ತುಂಬ್ಕೊಂಡು ಬಂದು ಕಾಡಲ್ಲಿ ಇಳಿದೋರಲ್ಲಿ ಎಷ್ಟೋ ಜನರ ಮೊಮ್ಮಕ್ಕಳ ಕೈಯಲ್ಲಿ ಇವತ್ತಿಗೂ ಪಹಣಿ ಇಲ್ಲ. ಹಾಗಾಗಿ ಸಿದ್ದಿ ಅಜ್ಜಿ ಮಾತು ನಿಮಗೆ ಹೊಸದಲ್ಲ. ನಿಮ್ಮ ಅರ್ಜಿ ಅರಣ್ಯ ಹಕ್ಕಿಗೋ ಬಗರ್‌ಹುಕುಂಗೋ ಎಲ್ಲೇ ಇರ್ಲಿ, ಕಪಾಟಿನ ಕಾಗದ ಒಂದ್ಸಲ ಹೊರಗೆ ತೆಗೀರಿ, ಓದೋಕೆ ಬರೋ ಮಕ್ಕಳ ಕೈಲಿ ಪೂರ್ತಿ ಓದಿಸಿ, ಅದು ಸ್ವೀಕೃತಿಯೋ ತಿರಸ್ಕಾರವೋ ನೋಡ್ಕೊಳ್ಳಿ. ತಿರಸ್ಕಾರ ಆಗಿದ್ರೆ ಮೇಲ್ಮನವಿಗೆ ಎಷ್ಟು ದಿನ ಇದೆ ಅಂತ ನಾಳೇನೇ ಹೋಗಿ ಕೇಳಿ. ನಿಮ್ಮ ಪಕ್ಕದ ಮನೇಲಿ ಓದೋಕೆ ಬರ್ದಿರೋ ಅಜ್ಜಿ ಇದ್ರೆ ಅವರದ್ದನ್ನೂ ಇಸ್ಕೊಂಡು ಓದಿ.

ನಮಸ್ಕಾರ.