ನಿಂತ ಕಫಕ್ಕೆ ದಾರಿ ಯಾವುದು?

ಕೇಳುಗರಿಗೆ ನಮಸ್ಕಾರ.

ನಮ್ಮ ಶ್ವಾಸನಾಳಗಳ ಒಳಗೋಡೆಯ ಸೂಕ್ಷ್ಮ ರೋಮಗಳು ಎಡೆಬಿಡದೆ ಬೀಸುತ್ತ, ಧೂಳನ್ನೂ ರೋಗಾಣುಗಳನ್ನೂ ಅಂಟಿಸಿಕೊಂಡ ತೆಳು ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ಬ್ರಾಂಕಿಯೆಕ್ಟೇಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ನಾಳಗಳು ಹಿಗ್ಗಿ ಆಕಾರ ಕೆಟ್ಟಿರುತ್ತವೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಲೋಳೆಯೇ ನೀರಿನಂಶ ಕಳೆದುಕೊಂಡು ಗಟ್ಟಿಯಾಗಿರುತ್ತದೆ. ಕಾರಣ ಯಾವುದಾದರೂ ಕಫ ನಿಂತಲ್ಲಿ ಸೋಂಕು ಬೆಳೆಯುತ್ತದೆ, ಸೋಂಕು ನಾಳವನ್ನು ಇನ್ನಷ್ಟು ಕೆಡಿಸುತ್ತದೆ, ಕೆಟ್ಟ ನಾಳದಲ್ಲಿ ಮತ್ತಷ್ಟು ಕಫ ನಿಲ್ಲುತ್ತದೆ.

ಬಹುಕಾಲ ಇದಕ್ಕಿದ್ದ ಮುಖ್ಯ ಉಪಾಯವೆಂದರೆ ರೋಗಿಯನ್ನು ತಲೆ ತಗ್ಗಿಸಿ ಮಲಗಿಸಿ, ಎದೆ ಬೆನ್ನುಗಳನ್ನು ಅಂಗೈಯಿಂದ ತಟ್ಟುವುದು. ಅದರಿಂದ ಕಫ ಬರುತ್ತದೆ, ನಿಜ. ಆದರೆ ತಲೆ ಕೆಳಗಾದಾಗ ಕೆಲವರಿಗೆ ಉಸಿರು ಕಟ್ಟುತ್ತದೆ, ಹೊಟ್ಟೆಯ ಆಮ್ಲ ಮೇಲೇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ದಿನವೂ ತಟ್ಟಲು ಇನ್ನೊಬ್ಬರು ಬೇಕು. ದುಡಿಯುವ ವಯಸ್ಕರೊಬ್ಬರು ಜೀವನವಿಡೀ ಹೀಗೆ ಪರಾವಲಂಬಿಗಳಾಗಿರುವುದು ಸಣ್ಣ ಕಷ್ಟವಲ್ಲ.

ಆದ್ದರಿಂದಲೇ ರೋಗಿ ತಾನೇ ಮಾಡಿಕೊಳ್ಳಬಲ್ಲ ಉಸಿರಾಟದ ಕ್ರಮಗಳ ಮೇಲೆ ನನಗೆ ಹೆಚ್ಚು ಗೌರವ. ಅವುಗಳಲ್ಲಿ ಒಂದು, ಮೂರು ಹಂತಗಳ ಆವರ್ತ ಉಸಿರಾಟ. ಮೊದಲು ಭುಜಗಳನ್ನು ಸಡಿಲಿಸಿ ಮೆಲ್ಲನೆ ಉಸಿರಾಡುವುದು. ಬಳಿಕ ಮೂರು ನಾಲ್ಕು ಬಾರಿ ಆಳವಾಗಿ ಉಸಿರೆಳೆದು, ಸುಮಾರು 3 ಸೆಕೆಂಡು ಹಿಡಿದು ಬಿಡುವುದು. ಕೊನೆಗೆ 'ಹಫ್', ಅಂದರೆ ಕನ್ನಡಿಯ ಮೇಲೆ ಆವಿ ಹಿಡಿಸುವವರಂತೆ ಬಾಯಿಯನ್ನೂ ಗಂಟಲನ್ನೂ ತೆರೆದಿಟ್ಟು ಉಸಿರನ್ನು ಹೊರದೂಡುವುದು. ಈ ಹಫ್‌ನ ಒಳಗುಟ್ಟು ತಿಳಿಯಬೇಕಾದದ್ದು. ಉಸಿರನ್ನು ದೂಡುವಾಗ ಎದೆಯೊಳಗಿನ ಒತ್ತಡ ಶ್ವಾಸನಾಳಗಳನ್ನು ಒಂದು ಜಾಗದಿಂದ ಬಾಯಿಯ ಕಡೆಗೆ ಹಿಂಡುತ್ತದೆ. ಸಾಧಾರಣ ಉಸಿರೆಳೆದು ದೀರ್ಘವಾಗಿ ಹಫ್ ಮಾಡಿದರೆ ಆ ಜಾಗ ಒಳಗಿನ ಸಣ್ಣ ನಾಳಗಳತ್ತ ಸರಿಯುತ್ತದೆ. ತುಂಬು ಉಸಿರೆಳೆದು ಮಾಡಿದರೆ ಮೇಲಿನ ದೊಡ್ಡ ನಾಳಗಳಿಗೆ ಬಂದ ಕಫ ಹೊರಬೀಳುತ್ತದೆ. ಬಿಟ್ಟುಬಿಡದ ಕೆಮ್ಮು ದಣಿಸುವಷ್ಟು ಇದು ದಣಿಸುವುದಿಲ್ಲ.

ಬೆಲ್ಜಿಯಂನಲ್ಲಿ ರೂಪುಗೊಂಡ ಆಟೋಜೆನಿಕ್ ಡ್ರೈನೇಜ್ ಎಂಬ ಕ್ರಮ, ಅಂದರೆ ಉಸಿರಿನ ಆಳವನ್ನೂ ವೇಗವನ್ನೂ ಹಂತಹಂತವಾಗಿ ಹೊಂದಿಸುತ್ತ ಕಫವನ್ನು ಮೇಲಕ್ಕೆ ತರುವುದು, ಇನ್ನೂ ನಯವಾದುದು, ಆದರೆ ಕಲಿಯಲು ತಾಳ್ಮೆ ಬೇಡುತ್ತದೆ.

ಸಾಧನಗಳಲ್ಲಿ ಪೆಪ್ (PEP) ಎಂಬ, ಬಾಯಿಗಿಟ್ಟು ಅಥವಾ ಮುಖವಾಡದಂತೆ ಹಿಡಿದು ಉಸಿರು ಬಿಡುವ ಉಪಕರಣ ಸರಳ. ಹೊರಬಿಡುವ ಉಸಿರಿಗೆ ಇದು ಸಾಮಾನ್ಯವಾಗಿ 10ರಿಂದ 20 ಸೆಂಟಿಮೀಟರ್ ಎತ್ತರದ ನೀರಿನಷ್ಟು ಒತ್ತಡದ ತಡೆಯೊಡ್ಡುತ್ತದೆ. ಆಗ ನಾಳಗಳು ಕುಸಿಯದೆ ತೆರೆದಿರುತ್ತವೆ, ಗಾಳಿ ಅಕ್ಕಪಕ್ಕದ ಕಿರುದಾರಿಗಳಿಂದ ನುಸುಳಿ ಕಫದ ಹಿಂದೆ ಸೇರಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಫ್ಲಟರ್, ಅಕಾಪೆಲ್ಲಾದಂಥ ಕೈಯಲ್ಲಿ ಹಿಡಿದು ಊದುವ ಸಾಧನಗಳು ಇದಕ್ಕೆ ಕಂಪನವನ್ನೂ ಸೇರಿಸುತ್ತವೆ. ಎದೆಯನ್ನು ಹೊರಗಿನಿಂದಲೇ ಅದುರಿಸುವ ಯಂತ್ರದ ಅಂಗಿಯೂ ಇದೆ. ಇಷ್ಟು ದುಬಾರಿ ಯಂತ್ರವೇ ಮೇಲಿರಬೇಕೆಂದು ತೋರುವುದು ಸಹಜ. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಇರುವವರನ್ನು ಒಂದು ವರ್ಷ ಗಮನಿಸಿ 2013ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ, ಅಂಗಿ ತೊಟ್ಟವರಿಗಿಂತ ಪೆಪ್ ಬಳಸಿದವರಲ್ಲಿ ರೋಗ ಉಲ್ಬಣಿಸಿದ ಸಂದರ್ಭಗಳು ಕಡಿಮೆಯಿದ್ದವು. ಉಳಿದ ವಿಧಾನಗಳ ನಡುವೆ ಒಂದೇ ಒಂದು ಎಲ್ಲರಿಗೂ ಶ್ರೇಷ್ಠವೆಂದು ಸಿದ್ಧವಾಗಿಲ್ಲ. ಹಾಗಾಗಿ ಆಯ್ಕೆಯಲ್ಲಿ ರೋಗಿಯ ಇಷ್ಟಕ್ಕೆ ಹಿರಿಯ ಸ್ಥಾನ ಸಲ್ಲಬೇಕೆಂದು ನಾನು ನಂಬಿದ್ದೇನೆ. ವಾರದಲ್ಲೇ ಬೇಸರ ತರಿಸುವ ವಿಧಾನ ಎಷ್ಟೇ ಉತ್ತಮವಾದರೂ ಕಫವನ್ನು ಕದಲಿಸಲಾರದು. ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಇದ್ದು ಕಫ ತೀರ ಕಡಿಮೆ ಇರುವವರಿಗೆ ಇವುಗಳಿಗಿಂತ ನಡಿಗೆ, ವ್ಯಾಯಾಮಗಳೇ ಹೆಚ್ಚು ನೆರವಾಗಬಹುದು.

ಶ್ವಾಸನಾಳ ಹಿಗ್ಗಿಸುವ ಔಷಧವನ್ನು ಅಭ್ಯಾಸಕ್ಕೆ ಮೊದಲೂ, ನೆಬ್ಯುಲೈಜರ್‌ನಲ್ಲಿ ಕೊಡುವ ಆಂಟಿಬಯಾಟಿಕ್ಕನ್ನು ಕಫ ಹೊರಬಿದ್ದ ನಂತರವೂ ತೆಗೆದುಕೊಳ್ಳುವುದು ವಾಡಿಕೆ. ಊಟವಾದ ಕೂಡಲೇ ಅಭ್ಯಾಸ ಬೇಡ. ಸಾಧನವನ್ನು ತೊಳೆದು ಪೂರ್ತಿ ಒಣಗಿಸಿಡಬೇಕು. ಕಫದಲ್ಲಿ ರಕ್ತ ಕಂಡರೆ, ಇಲ್ಲವೇ ಎದೆಯಲ್ಲಿ ಹಠಾತ್ತನೆ ನೋವೆದ್ದು ಉಸಿರು ಸಾಲದಾದರೆ, ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ತಡಮಾಡದೆ ವೈದ್ಯರನ್ನು ಕಾಣಿರಿ. ನಮಸ್ಕಾರ.