ನಿಮ್ಮ ಫೋನ್ ವಿಳಾಸ ಕೇಳುವುದು ಯಾರನ್ನು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ತುಮಕೂರಲ್ಲಿ ಡಿಎನ್‌ಎಸ್, ಅಂದರೆ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ಅದರ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕ್ಯಾತ್ಸಂದ್ರದಲ್ಲಿ ಯಾರೋ ಒಬ್ಬರು ರಾತ್ರಿ ಹನ್ನೊಂದಕ್ಕೆ, ಮನೆಯವರಿಗೂ ಹೇಳದೆ, ಕುಡಿತ ಬಿಡಿಸುವ ಆಸ್ಪತ್ರೆಯ ವೆಬ್‌ಸೈಟ್ ತೆರೆಯುತ್ತಾರೆ ಅಂದುಕೊಳ್ಳಿ. ಬರೀ ಹೆಸರಿದ್ದರೆ ಫೋನಿಗೆ ಸಾಲದು, ಐಪಿ ವಿಳಾಸ, ಅಂದರೆ ಆ ಸೈಟಿನ ಅಂಕಿಗಳ ವಿಳಾಸ ಬೇಕು. ಅದಕ್ಕೆ ಅದು ರಿಸಾಲ್ವರ್ ಅನ್ನೋ ಸರ್ವರನ್ನು ಕೇಳುತ್ತದೆ. ನೀವು ಏನನ್ನೂ ಬದಲಾಯಿಸಿಲ್ಲ ಅಂದರೆ ಆ ಸರ್ವರ್ ಸಾಮಾನ್ಯವಾಗಿ ಸಿಮ್ ಕಂಪನಿಯದ್ದು, ಇಲ್ಲವೇ ಮನೆಗೆ ಬ್ರಾಡ್‌ಬ್ಯಾಂಡ್ ಕೊಟ್ಟವರದ್ದು. ಕಂಪ್ಯೂಟರ್ ವಿಜ್ಞಾನಿ ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದ ಈ ಡಿಎನ್‌ಎಸ್ ವ್ಯವಸ್ಥೆಯಲ್ಲಿ ಗುಟ್ಟು ಕಾಯುವ ಏರ್ಪಾಡೇ ಇರಲಿಲ್ಲ. ಪ್ರಶ್ನೆ ಪೋಸ್ಟ್‌ಕಾರ್ಡ್ ಥರ ಹೋಗುತ್ತದೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಬ್ರೌಸರ್‌ನಲ್ಲಿ ಬೀಗದ ಗುರುತು ಇದೆಯಲ್ಲ ಅನ್ನುತ್ತೀರಿ. ಆ ಬೀಗ ಪುಟದೊಳಗಿನದ್ದನ್ನು ಮುಚ್ಚುತ್ತದೆ, ಡಿಎನ್‌ಎಸ್ ಪ್ರಶ್ನೆಯನ್ನಲ್ಲ. ಆಸ್ಪತ್ರೆಯ ಹೆಸರೊಂದು ಗೊತ್ತಾದರೆ ಸಾಕು, ಉಳಿದದ್ದನ್ನು ಊಹಿಸೋದು ಕಷ್ಟವಾ?

ಓದುವುದಷ್ಟೇ ಅಲ್ಲ, ಉತ್ತರವನ್ನು ತಿದ್ದಲೂಬಹುದು. ಬ್ಯಾಂಕಿನ ಹೆಸರು ಕೇಳಿದರೆ ಕಳ್ಳರ ಸರ್ವರಿನ ವಿಳಾಸ ಬರಬಹುದು. ಆಗ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುತ್ತದೆ ನಿಜ, ಆದರೆ ನಾವು ಓದದೇ ಮುಂದಕ್ಕೆ ಒತ್ತುವವರು ಅಲ್ವಾ.

ಇದಕ್ಕೆ ಪರಿಹಾರವಾಗಿ, ಪ್ರಶ್ನೆ ಉತ್ತರ ಎರಡನ್ನೂ ಎನ್‌ಕ್ರಿಪ್ಟ್ ಮಾಡುವ, ಅಂದರೆ ದಾರಿಯಲ್ಲಿ ಯಾರೂ ಓದಲಾಗದಂತೆ ಮಾಡುವ ಡಿಎನ್‌ಎಸ್ ಓವರ್ ಟಿಎಲ್‌ಎಸ್ 2016ರಲ್ಲಿ ಬಂತು, ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ 2018ರಲ್ಲಿ. ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1, ಕ್ವಾಡ್9ನ 9.9.9.9, ಯಾರು ಬೇಕಾದರೂ ಬಳಸಬಹುದಾದ ಈ ರಿಸಾಲ್ವರ್‌ಗಳೆಲ್ಲದರಲ್ಲೂ ಈಗ ಆ ಎರಡೂ ಇವೆ. ನನ್ನ ಆಯ್ಕೆ ಕ್ವಾಡ್9. ಅದನ್ನು ನಡೆಸುವುದು ಲಾಭಕ್ಕಿಲ್ಲದ ಸಂಸ್ಥೆ. 2021ರಲ್ಲಿ ಅದು ಸ್ವಿಟ್ಜರ್ಲೆಂಡ್‌ಗೆ ಹೋಯಿತು, ಅಲ್ಲಿನ ಖಾಸಗಿತನದ ಕಾನೂನು ಅದಕ್ಕೆ ಅನ್ವಯಿಸುತ್ತದೆ. ಬಳಸುವವರ ಐಪಿ ವಿಳಾಸ ಬರೆದಿಡುವುದಿಲ್ಲ ಅನ್ನುತ್ತದೆ. ಮೋಸದ ಸೈಟು, ವೈರಸ್ ಹಂಚುವ ಸೈಟು ಅಂತ ಗೊತ್ತಿರುವ ಹೆಸರುಗಳಿಗೆ ಉತ್ತರವನ್ನೇ ಕೊಡುವುದಿಲ್ಲ. 'ಇವತ್ತು ರಾತ್ರಿ ನಿಮ್ಮ ಕರೆಂಟ್ ಕಟ್' ಅಂತ ಬರುವ ಮೆಸೇಜಿನ ಲಿಂಕನ್ನು ಅಪ್ಪ ಅವಸರದಲ್ಲಿ ಒತ್ತಿಬಿಟ್ಟರೂ, ಆ ಹೆಸರು ಪಟ್ಟಿಯಲ್ಲಿದ್ದರೆ ಪುಟ ತೆರೆಯುವುದಿಲ್ಲ. ನಿನ್ನೆ ಹುಟ್ಟಿದ ಸೈಟಾದರೆ ತೆರೆದುಕೊಂಡೀತು. ಇನ್ನು ಫೋನಿನಲ್ಲೇ ಓಟಿಪಿ ಓದಿ ಹೇಳಿದರೆ ಯಾವ ರಿಸಾಲ್ವರೂ ಏನೂ ಮಾಡಲಾರದು.

ಇದರಿಂದ ನೀವು ಮಾಯವಾಗುವುದಿಲ್ಲ, ಇದು ನಿಮ್ಮ ಎಲ್ಲ ಓಡಾಟವನ್ನೂ ಬೇರೊಂದು ಸರ್ವರ್ ಮೂಲಕ ಮುಚ್ಚಿ ಕಳಿಸುವ ವಿಪಿಎನ್ ಅಲ್ಲ. ಯಾವ ಐಪಿಗೆ ಹೋದಿರಿ ಅನ್ನುವುದು ಸಿಮ್ ಕಂಪನಿಗೆ ಕಾಣುತ್ತಲೇ ಇರುತ್ತದೆ, ಎಷ್ಟೋ ಸಲ ಸೈಟಿನ ಹೆಸರೂ ಕಾಣುತ್ತದೆ, ಏಕೆಂದರೆ ಸಂಪರ್ಕ ಶುರುವಾಗುವಾಗ ಬ್ರೌಸರ್ ಅದನ್ನು ಬಯಲಲ್ಲೇ ಕಳಿಸುವುದುಂಟು. ರಿಸಾಲ್ವರ್ ನಡೆಸುವವರಿಗಂತೂ ನಿಮ್ಮ ಎಲ್ಲ ಪ್ರಶ್ನೆಗಳೂ ಕಾಣುತ್ತವೆ. ಒಬ್ಬರ ಮೇಲಿನ ನಂಬಿಕೆಯನ್ನು ಇನ್ನೊಬ್ಬರ ಮೇಲೆ ಇಡುತ್ತಿದ್ದೇವೆ, ಅಷ್ಟೇ. ಹಾಗಾಗಿ ಸುಮ್ನೆ ಸ್ಪೀಡ್ ಜಾಸ್ತಿ ಅಂತ ಆರಿಸಬೇಡಿ, ಅವರು ಏನನ್ನು ಎಷ್ಟು ಹೊತ್ತು ಇಟ್ಟುಕೊಳ್ಳುತ್ತಾರೆ ಅನ್ನುವುದನ್ನು ನೋಡಿ.

ಸರಿ, ಫೋನ್ ತೆಗೆಯಿರಿ. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದಾದರೆ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೇಟ್ ಡಿಎನ್‌ಎಸ್' ಅಂತ ಹುಡುಕಿ. ಮೂರನೇ ಆಯ್ಕೆಯಲ್ಲಿ ಹೆಸರು ಕೇಳುತ್ತದೆ, ಅಲ್ಲಿ 9.9.9.9 ಹಾಕಿದರೆ ಒಪ್ಪುವುದಿಲ್ಲ. ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್ ಅಂತ ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ ಸೇವ್ ಮಾಡಿ. ಹೋಟೆಲ್ ಅಥವಾ ರೈಲ್ವೆ ಸ್ಟೇಷನ್ ವೈಫೈನಲ್ಲಿ ಲಾಗಿನ್ ಪುಟ ಬರದೇ ಇದ್ದರೆ ಗಾಬರಿ ಬೇಡ, ಸ್ವಲ್ಪ ಹೊತ್ತು ಇದನ್ನು ಆಫ್ ಮಾಡಿ ಲಾಗಿನ್ ಆಗಿ, ಮತ್ತೆ ಆನ್ ಮಾಡಿ. ಐಫೋನ್ ಇರುವವರು ಈ ಕಡೆ ಬನ್ನಿ, ನಿಮಗೆ ಪ್ರೊಫೈಲ್ ಅನ್ನೋ ಸೆಟ್ಟಿಂಗ್ಸ್ ಫೈಲ್ ಹಾಕಬೇಕು, ಅದು ಸ್ವಲ್ಪ ಬೇರೆ ಥರ.